ಸುರಪುರದ ರಾಜಾ ವೆಂಕಟಪ್ಪ ನಾಯಕ: ಕೀರ್ತಿ ಮತ್ತು ಸಾಕ್ಷ್ಯ



ಯಾದಗಿರಿ ರೈಲು ನಿಲ್ದಾಣದಲ್ಲಿ ಇಳಿದು, ಭೀಮಾ ನದಿಯನ್ನು ದಾಟಿ, ಬಸ್ಸಿನಲ್ಲಿ ಶಹಾಪುರಕ್ಕೆ ಹೋದರೆ ಅಲ್ಲಿನ ಗುಡ್ಡವೊಂದು ನಿಮ್ಮ ಗಮನ ಸೆಳೆಯುತ್ತದೆ. ಒಂದು ದಿಕ್ಕಿನಿಂದ ನೋಡಿದಾಗ ಅದು ಅಂಗಾತ ಮಲಗಿದ ಬುದ್ಧನಂತೆಯೇ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ನೋಡುವ ಜಾಗ ಬದಲಿಸಿದರೆ ಬುದ್ಧ ಮಾಯವಾಗಿ ಬರಿಯ ಬಂಡೆಗಳು ಉಳಿಯುತ್ತವೆ. ಗುಡ್ಡ ಅದೇ, ನಾವು ನಿಂತ ಸ್ಥಳ ಬೇರೆ.

ಇತಿಹಾಸದ ವೀರರ ಕೀರ್ತಿಯೂ ಕೆಲವೊಮ್ಮೆ ಹೀಗೆಯೇ. ಶಹಾಪುರದಿಂದ ಮುಂದೆ ಸುರಪುರಕ್ಕೆ ಹೋಗಿ. 1858ರಲ್ಲಿ ಇಂಗ್ಲಿಷರ ವಿರುದ್ಧ ಸೆಟೆದು ನಿಂತ ರಾಜಾ ವೆಂಕಟಪ್ಪ ನಾಯಕನ ಊರು ಅದು. ಆತನನ್ನು ಕುರಿತು ಎರಡು ಚಿತ್ರಗಳು ಬೆಳೆದು ಬಂದಿವೆ. ಒಂದು, ದಾರಿ ತಪ್ಪಿದ ತರುಣನ ಚಿತ್ರ. ಇನ್ನೊಂದು, ನಾಡಿಗಾಗಿ ಪ್ರಾಣ ತೆತ್ತ ಧೀರನ ಚಿತ್ರ. ಇವುಗಳಲ್ಲಿ ಯಾವುದು ನಿಜ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳೋಣ: ಇವೆಲ್ಲ ನಮಗೆ ತಿಳಿದದ್ದು ಯಾರಿಂದ?

ಬೇಡ ನಾಯಕರ ನಾಡು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಗುಡ್ಡಗಾಡು ಬೇಡ ನಾಯಕರ ಆಳ್ವಿಕೆಯಲ್ಲಿತ್ತು. ಅವರ ಸ್ವಾಭಿಮಾನ ಎಂಥದೆಂಬುದಕ್ಕೆ ಒಂದು ಉದಾಹರಣೆ ಸಾಕು. 1705ರಲ್ಲಿ ಮೊಗಲ್ ಚಕ್ರವರ್ತಿ ಔರಂಗಜೇಬ್, ಇಳಿವಯಸ್ಸಿನಲ್ಲಿ, ಸ್ವತಃ ಬಂದು ಸುರಪುರದ ಸಮೀಪದ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಕೋಟೆ ಬಿತ್ತು, ಆದರೆ ಅದರ ಒಡೆಯ ಪಿಡ್ಡನಾಯಕ ಸೆರೆ ಸಿಗಲಿಲ್ಲ. ಚಕ್ರವರ್ತಿ ತಾನೇ ನಡೆಸಿದ ಮುತ್ತಿಗೆಗಳಲ್ಲಿ ಅದೇ ಕೊನೆಯದು.

ಮುಂದೆ ಸುರಪುರ ಹೈದರಾಬಾದಿನ ನಿಜಾಮರಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು. ನಿಜಾಮರ ಬೆನ್ನ ಹಿಂದೆ ಈಸ್ಟ್ ಇಂಡಿಯಾ ಕಂಪನಿ ಇತ್ತು. ಕಪ್ಪದ ಬಾಕಿ ಬೆಳೆದಂತೆ ಕಂಪನಿಯ ಅಧಿಕಾರಿಗಳ ಕೈ ಸುರಪುರದ ಆಡಳಿತದೊಳಕ್ಕೂ ಚಾಚಿತು.

ಬಾಲರಾಜ ಮತ್ತು ಟೇಲರ್

1842ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಸಣ್ಣ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡನಾಯಕ ಇನ್ನೊಂದು ಕಡೆ; ಅಧಿಕಾರಕ್ಕಾಗಿ ತಿಕ್ಕಾಟ ನಡೆದಿತ್ತು. ಈ ಸಮಯದಲ್ಲಿ ಸಂಸ್ಥಾನದ ಮೇಲ್ವಿಚಾರಣೆಗೆ ಬಂದವನು ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಸಾಮಾನ್ಯ ಅಧಿಕಾರಿಯಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಭಾರತಕ್ಕೆ ಬಂದು ನಿಜಾಮರ ಸೇವೆಗೆ ಸೇರಿದವನು. ಠಕ್ಕರನ್ನು ಕುರಿತು 1839ರಲ್ಲಿ ಪ್ರಕಟವಾದ ಕಾದಂಬರಿಯಿಂದ ಹೆಸರು ಮಾಡಿದವನು. ಸುರಪುರ ಸೀಮೆಯಲ್ಲಿ ಕೆರೆಗಳನ್ನು ಸರಿಪಡಿಸಿದ. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆ ಅವುಗಳಲ್ಲಿ ಒಂದು. ಈ ಭಾಗದ ಬೃಹತ್ ಶಿಲಾ ಸಮಾಧಿಗಳನ್ನು ಅಳೆದು, ಅಗೆದು, ಲೇಖನ ಬರೆದ. ಆತ ಕಟ್ಟಿಸಿದ ಮನೆಯನ್ನು ಸುರಪುರದ ಗುಡ್ಡದ ಮೇಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಲ್ಲಿ ಜನ ಈಗಲೂ ತೋರಿಸುತ್ತಾರೆ.

ಬಾಲರಾಜ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯ ನೋವೆಲ್ಲ ಇದರಲ್ಲಿದೆ.

1853ರಲ್ಲಿ ವೆಂಕಟಪ್ಪ ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಂಡ. ಟೇಲರ್ ನಳದುರ್ಗಕ್ಕೆ ಹೊರಟುಹೋದ. ಆಮೇಲಿನ ವರ್ಷಗಳಲ್ಲಿ ರಾಜ ದುಂದುಗಾರನಾದ, ಸಾಲ ಮಾಡಿದ, ಕೆಟ್ಟವರ ಸಹವಾಸಕ್ಕೆ ಬಿದ್ದ ಎಂದು ಟೇಲರ್ ಬರೆಯುತ್ತಾನೆ. ಆ ವರ್ಷಗಳಲ್ಲಿ ತಾನು ಸುರಪುರದಲ್ಲಿ ಇರಲಿಲ್ಲ ಎಂಬುದನ್ನೂ ಆತನ ಬರಹವೇ ತಿಳಿಸುತ್ತದೆ.

1858ರ ಫೆಬ್ರುವರಿ

1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಹೊತ್ತಿದ ಕಿಡಿ ಜುಲೈ ವೇಳೆಗೆ ಹೈದರಾಬಾದಿಗೂ ಹಾರಿತು. ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಮುಂದಾಳುಗಳಾಗಿ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು. ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಹೋರಾಡಿದರು. ಇತ್ತ ಸುರಪುರದಲ್ಲಿ ರಾಜ ಅರಬರನ್ನೂ ರೋಹಿಲರನ್ನೂ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿದ್ದಾನೆ, ನಾನಾಸಾಹೇಬನ ಕಡೆಯವರೊಡನೆ ಸಂಪರ್ಕ ಇಟ್ಟುಕೊಂಡಿದ್ದಾನೆ ಎಂಬ ಆರೋಪ ಎದ್ದಿತು. ಬುದ್ಧಿ ಹೇಳಲೆಂದು ರೆಸಿಡೆಂಟ್ ಕಳುಹಿಸಿದ ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನ ಪ್ರಯತ್ನ ಫಲಿಸಲಿಲ್ಲ.

ಫೆಬ್ರುವರಿ 7ರ ರಾತ್ರಿ ಸುರಪುರದ ಬಳಿ ಬೀಡುಬಿಟ್ಟಿದ್ದ ಕ್ಯಾಪ್ಟನ್ ವಿಂಡಮ್‌ನ ಪಡೆಯ ಮೇಲೆ ರಾಜನ ಕಡೆಯವರು ಎರಗಿದರು. ಮರುದಿನ ಇಂಗ್ಲಿಷರ ನೆರವಿಗೆ ಇನ್ನಷ್ಟು ದಂಡು ಬಂತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೂ ಸುರಪುರ ಉಳಿಯಲಿಲ್ಲ. ರಾಜ ಕೆಲವೇ ಸವಾರರೊಡನೆ ರಾತ್ರಿಯಲ್ಲಿ ಊರು ಬಿಟ್ಟು ಹೈದರಾಬಾದಿನ ಕಡೆಗೆ ಹೊರಟ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಸುರಪುರದ ವಿರುದ್ಧ ಬಂದ ಪಡೆಯ ಅಧಿಕಾರಿಗಳು ಇಂಗ್ಲಿಷರು, ಸಿಪಾಯಿಗಳಲ್ಲಿ ಬಹುಪಾಲು ಭಾರತೀಯರು. ಹೈದರಾಬಾದಿನ ಪೇಟೆಯಲ್ಲಿ ರಾಜ ಸಿಕ್ಕಿಬಿದ್ದಾಗ ಆತನನ್ನು ರೆಸಿಡೆಂಟನ ವಶಕ್ಕೆ ಕೊಟ್ಟವನು ನಿಜಾಮರ ದಿವಾನ ಸಾಲಾರ್ ಜಂಗ್. ನಮ್ಮವರೇ ಎರಡೂ ಕಡೆ ಇದ್ದ ಯುದ್ಧ ಅದು. ಇಂಥ ಯುದ್ಧದಲ್ಲಿ ಸೋತವನ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರು.

ಸೆರೆಮನೆಯ ಮಾತು

ಸೆರೆಯಲ್ಲಿದ್ದ ರಾಜನನ್ನು ಕಾಣಲು ಟೇಲರ್ ಹೋದ. ಅಲ್ಲಿ ನಡೆದ ಮಾತುಕತೆಯನ್ನು ಆತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದರ ಸಾರಾಂಶ ಇಷ್ಟು: ತನ್ನನ್ನು ಹುರಿದುಂಬಿಸಿದವರ ಹೆಸರುಗಳನ್ನು ಹೇಳಲು ರಾಜ ಒಪ್ಪಲಿಲ್ಲ. ಪ್ರಾಣಭಿಕ್ಷೆ ಬೇಡಲಿಲ್ಲ. ಕಳ್ಳನಂತೆ ನೇಣಿಗೆ ಹಾಕುವ ಬದಲು ತೋಪಿನ ಬಾಯಿಗೆ ಕಟ್ಟಿ ಕೊಲ್ಲಲಿ ಎಂದ. ಕರಿನೀರಿಗಿಂತ, ಸೆರೆಮನೆಗಿಂತ ಸಾವೇ ಮೇಲು ಎಂದ.

ವಿಚಾರಣೆಯಲ್ಲಿ ಮರಣದಂಡನೆಯ ತೀರ್ಪು ಬಂತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಎಂದು ಗೊತ್ತುಮಾಡಿದ. ನಡತೆ ಸುಧಾರಿಸಿದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು.

ಆದರೆ ರಾಜ ಚೆಂಗಲ್ಪಟ್ಟನ್ನು ತಲುಪಲೇ ಇಲ್ಲ. ದಾರಿಯ ಬೀಡಿನಲ್ಲಿ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನ ಗುಂಡು ತಗುಲಿ ಸತ್ತ. ಆಗ ಆತನಿಗೆ ಸುಮಾರು 24 ವರ್ಷ.

ಒಂದೇ ಮೂಲ, ಎರಡು ಚಿತ್ರ

ಆ ಗುಂಡು ಹಾರಿದ್ದು ಹೇಗೆ? ತಾನಾಗಿಯೇ ಹಾರಿಸಿಕೊಂಡನೇ? ಕೈತಪ್ಪಿ ಹಾರಿತೇ? ಅಥವಾ ಇಂಗ್ಲಿಷರೇ ಕೊಂದು ಆತ್ಮಹತ್ಯೆಯ ಕಥೆ ಕಟ್ಟಿದರೇ? ಮೂರನ್ನೂ ಹೇಳುವವರಿದ್ದಾರೆ. ನಾನು ಓದಿದ್ದು ವಿಜ್ಞಾನ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠ: ಕಣ್ಣಾರೆ ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ಊಹಿಸಿದ್ದು, ಈ ಮೂರನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆಯಬೇಕು. ಟೇಲರನ ಬರಹವನ್ನೂ ಹಾಗೆಯೇ ವಿಂಗಡಿಸಿ ನೋಡೋಣ.

ರಾಜನ ಸಾವು 'ಕೇಳಿದ್ದು' ಎಂಬ ಕಾಲಂಗೆ ಸೇರುತ್ತದೆ. ಟೇಲರ್ ಆಗ ಸುರಪುರದಲ್ಲಿದ್ದ. ಸುದ್ದಿ ಅವನಿಗೆ ದೂರದಿಂದ ಬಂತು. ಆ ಸುದ್ದಿ ಹೊರಟದ್ದು ಕಾವಲು ಕಾಯುತ್ತಿದ್ದವರಿಂದಲೇ. ಸೆರೆಗಿಂತ ಸಾವು ಮೇಲು ಎಂದ ರಾಜನ ಮಾತು ಆತ್ಮಹತ್ಯೆಯ ಕಡೆಗೆ ಬೆರಳು ತೋರಿಸುತ್ತದೆ, ನಿಜ. ಆದರೆ ಬೆರಳು ತೋರಿಸುವುದೇ ರುಜುವಾತಲ್ಲ.

ಟೇಲರ್ ಇನ್ನೊಂದು ಕೌತುಕದ ಸಂಗತಿ ಬರೆದಿದ್ದಾನೆ. ರಾಜ ತನ್ನ 24ನೆಯ ವರ್ಷದಲ್ಲಿ ಸಾಯುತ್ತಾನೆಂದು ಜಾತಕದಲ್ಲಿತ್ತಂತೆ. ಆ ಗುಟ್ಟು ತನಗೆ ಮೊದಲೇ ತಿಳಿದಿತ್ತಂತೆ. ಇದು ಕಥೆಗೆ ರುಚಿ ಕೊಡುತ್ತದೆ. ಆದರೆ ಈ ಆತ್ಮಕಥೆ ಅಚ್ಚಾದದ್ದು 1877ರಲ್ಲಿ, ಘಟನೆ ನಡೆದು ಸುಮಾರು ಎರಡು ದಶಕಗಳಾದ ಮೇಲೆ. ಫಲಿತಾಂಶ ಬಂದ ನಂತರ ಪ್ರಕಟವಾದ ಭವಿಷ್ಯವನ್ನು ಯಾವ ಪ್ರಯೋಗಶಾಲೆಯೂ ಒಪ್ಪದು.

ಹಾಗಾದರೆ ಟೇಲರನನ್ನು ಪೂರ್ತಿ ತಳ್ಳಿಹಾಕಬೇಕೇ? ಬೇಡ. ಸೆರೆಮನೆಯ ಮಾತುಕತೆಯಲ್ಲಿ ಆತ ಸ್ವತಃ ಇದ್ದ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಟೇಲರ್ ಕಂಪನಿಯ ಪಕ್ಷದವನು. ರಾಜ ಹೆದರಿ ಹೆಸರುಗಳನ್ನು ಕಕ್ಕಿದನೆಂದು ಬರೆದಿದ್ದರೆ ಆತನ ಪಕ್ಷಕ್ಕೆ ಅನುಕೂಲವಾಗುತ್ತಿತ್ತು. ಆತ ಬರೆದದ್ದು ಅದಕ್ಕೆ ವಿರುದ್ಧವಾದದ್ದನ್ನು. ತನ್ನ ಕಡೆಯ ಹಿತಕ್ಕೆ ಹೊಂದದ ಸಂಗತಿಯನ್ನು ಒಬ್ಬ ಸಾಕ್ಷಿ ಹೇಳಿದಾಗ ಆ ಮಾತಿಗೆ ತೂಕ ಹೆಚ್ಚು. ಸಾಕಿದ ಹುಡುಗನ ಮೇಲಿನ ಮಮತೆ ಅವನ ಲೇಖನಿಯನ್ನು ಒಂದಿಷ್ಟು ಮೃದುಗೊಳಿಸಿರಬಹುದು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೂ ಹೋರಾಟದ ಬಗ್ಗೆ ಯಾವ ಸಹಾನುಭೂತಿಯೂ ಇಲ್ಲದವನಿಂದ ಬಂದ ಸಾಕ್ಷ್ಯ ಅದು.

ಇನ್ನೊಂದು ಸ್ವಾರಸ್ಯ ನೋಡಿ. 1857ರ ಹೋರಾಟವನ್ನು ಸ್ವಾತಂತ್ರ್ಯ ಸಂಗ್ರಾಮವೆಂದು ವರ್ಣಿಸಿ ವಿ. ದಾ. ಸಾವರ್ಕರ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಸುರಪುರದ ರಾಜನ ಪ್ರಸಂಗವಿದೆ. ಅವರಿಗೆ ಆಧಾರವಾದದ್ದು ಇದೇ ಟೇಲರನ ಆತ್ಮಕಥೆ! ಒಂದೇ ಪುಸ್ತಕದಲ್ಲಿ ಒಬ್ಬರು ದಾರಿ ತಪ್ಪಿದ ಹುಡುಗನನ್ನು ಕಂಡರು, ಇನ್ನೊಬ್ಬರು ವೀರನನ್ನು ಕಂಡರು. ಶಹಾಪುರದ ಗುಡ್ಡ ನೆನಪಾಯಿತೇ?

ದೂರದರ್ಶನದಲ್ಲಿ ನಮ್ಮ ಕೆಲಸವೂ ಇಂಥದೇ. ಕ್ಯಾಮೆರಾ ಎಲ್ಲಿಟ್ಟಿದ್ದೇವೆ ಎಂಬುದರ ಮೇಲೆ ಚಿತ್ರ ಬದಲಾಗುತ್ತದೆ. ಆದರೆ ಎಲ್ಲಿಂದ ನೋಡಿದರೂ ಬದಲಾಗದ ಒಂದು ಗೆರೆ ಇದ್ದೇ ಇರುತ್ತದೆ. ವೆಂಕಟಪ್ಪ ನಾಯಕನ ವಿಷಯದಲ್ಲಿ ಆ ಗೆರೆ ಯಾವುದು? ಆತ ಜಾಣ ಸೇನಾನಿಯಾಗಿದ್ದನೇ ಎಂಬುದು ಚರ್ಚೆಯ ವಿಷಯ. ಎರಡು ದಿನಗಳಲ್ಲಿ ಸೋತ. ಒಳ್ಳೆಯ ಆಡಳಿತಗಾರನೇ ಎಂಬುದೂ ಚರ್ಚೆಯ ವಿಷಯ. ಆಳಿದ್ದೇ ಐದು ವರ್ಷ. ಆದರೆ ಸಾವು ಎದುರಿಗಿದ್ದಾಗ, ತಾನು 'ಅಪ್ಪಾ' ಎನ್ನುತ್ತಿದ್ದವನೇ ಮುಂದೆ ಕುಳಿತಿದ್ದಾಗಲೂ, ಇನ್ನೊಬ್ಬರ ಹೆಸರು ಹೇಳಲಿಲ್ಲ. ಈ ಗೆರೆಯನ್ನು ಎದುರು ಪಕ್ಷವೇ ಬರೆದಿಟ್ಟಿದೆ. ಆತನ ಕೀರ್ತಿ ನಿಲ್ಲಲು ಇಷ್ಟು ನೆಲ ಸಾಕು. ಅದರ ಮೇಲೆ ನಾವು ಉತ್ಪ್ರೇಕ್ಷೆಯ ಮಹಡಿ ಕಟ್ಟುವ ಅಗತ್ಯವಿಲ್ಲ.

ಬೆಲೆ ತೆತ್ತವರು

1860ರ ಒಪ್ಪಂದದಲ್ಲಿ ಸುರಪುರವನ್ನು ನಿಜಾಮರಿಗೆ ಬಹುಮಾನವಾಗಿ ಕೊಡಲಾಯಿತು. ಔರಂಗಜೇಬನ ಮುತ್ತಿಗೆಯನ್ನೂ ದಾಟಿ ಉಳಿದಿದ್ದ ಸಂಸ್ಥಾನ ಅಲ್ಲಿಗೆ ಮುಗಿಯಿತು. 1956ರಲ್ಲಿ ಈ ಪ್ರದೇಶ ವಿಶಾಲ ಮೈಸೂರಿಗೆ ಸೇರಿತು. ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳನ್ನು ಒಳಗೊಂಡು 2009ರ ಡಿಸೆಂಬರಿನಲ್ಲಿ ಯಾದಗಿರಿ ಹೊಸ ಜಿಲ್ಲೆಯಾಯಿತು.

ನೀವು ಮಾಡಿ ನೋಡಿ

ನಿಮ್ಮ ಊರಿನ ಒಬ್ಬ ವೀರನ ಅಥವಾ ವೀರವನಿತೆಯ ಕಥೆಯನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಕಾಲಂ ಎಳೆಯಿರಿ. ಪ್ರತಿಯೊಂದು ಸಂಗತಿಯ ಮುಂದೆ ಹೇಳಿದವರು ಯಾರು, ಯಾರ ಕಡೆಯವರು ಎಂದು ಗುರುತಿಸಿ. ಕಥೆ ಚಿಕ್ಕದಾದೀತೆಂದು ಅಂಜಬೇಡಿ. ಕೊನೆಗೆ ಉಳಿದ ನಾಲ್ಕು ಸಾಲನ್ನು ನೀವು ಯಾರ ಮುಂದೆ ಬೇಕಾದರೂ ಧೈರ್ಯವಾಗಿ ಹೇಳಬಹುದು.