‘ಜೀವ ಉಳಿಯಿತಲ್ಲ’ ಎಂದ ಮೇಲೆ...

ಎಲ್ಲರೂ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟಿಗೆ ಟವೆಲು ಹಾಕುವಾಗ ಆಕೆ ಕಂಡಕ್ಟರನ್ನು ಕೇಳುವುದು ಒಂದೇ ಮಾತು: ಬಸ್ಸು ಮುಂದೆ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು? ಪಯಣದ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಟ್ಟಿರುತ್ತಾಳೆ. ಮದುವೆ ಮನೆಯಲ್ಲಿ ನೆಲದ ಮೇಲೆ ಕೂರುವುದಿಲ್ಲ, ಕಾಲು ಭಾರ. ಜನರ ನಡುವೆ ಇದ್ದಕ್ಕಿದ್ದಂತೆ ಮುಖಕ್ಕೆ ಬೆಂಕಿ ಹೊತ್ತಿದಂತಾಗಿ ಬೆವರು ಕಿತ್ತುಕೊಂಡರೆ ಸೆರಗಿನಿಂದ ಒರೆಸಿಕೊಂಡು ಸುಮ್ಮನಾಗುತ್ತಾಳೆ. ಯಾರಾದರೂ ವಿಚಾರಿಸಿದರೆ ಆಕೆಗಿಂತ ಮೊದಲು ಮನೆಯವರೇ ಉತ್ತರ ಕೊಡುತ್ತಾರೆ: ‘ಜೀವ ಉಳಿಯಿತಲ್ಲ, ಅದೇ ದೊಡ್ಡದು.’

ಗರ್ಭಕಂಠ, ಗರ್ಭಕೋಶ ಇಲ್ಲವೆ ಅಂಡಾಶಯದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದ ಅನೇಕ ಹೆಣ್ಣುಮಕ್ಕಳ ದಿನಚರಿ ಇದು. ಜೀವ ಉಳಿದದ್ದು ದೊಡ್ಡದೇ, ಸಂಶಯವಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 80 ಸಾವಿರ ಮಂದಿ ಅದರಿಂದ ಸತ್ತರು. ಆದರೆ ಬದುಕಿದವಳು ಬದುಕಬೇಕಾದುದು ಹೇಗೆ ಎಂಬ ಪ್ರಶ್ನೆಯನ್ನು ‘ಜೀವ ಉಳಿಯಿತಲ್ಲ’ ಎಂಬ ಮಾತು ಅಲ್ಲಿಗೇ ಮುಚ್ಚಿಬಿಡುತ್ತದೆ.

ಕತ್ತರಿ ಎಲ್ಲೆಲ್ಲಿ ಆಡುತ್ತದೆ?

ಗರ್ಭಕಂಠದ ಕ್ಯಾನ್ಸರಿಗೆ ಮಾಡುವ ವಿಸ್ತೃತ ಶಸ್ತ್ರಚಿಕಿತ್ಸೆಯನ್ನು ವಿಯೆನ್ನಾದ ವೈದ್ಯ ಅರ್ನ್ಸ್ಟ್ ವರ್ಟೈಮ್ 1898ರಲ್ಲಿ ಆರಂಭಿಸಿದ. ಇದರಲ್ಲಿ ಗರ್ಭಕೋಶವನ್ನಷ್ಟೇ ಅಲ್ಲ, ಅದರ ಅಕ್ಕಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ, ಕಿಬ್ಬೊಟ್ಟೆಯೊಳಗಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯುತ್ತಾರೆ. ಮೂತ್ರಕೋಶಕ್ಕೆ ಹೋಗುವ ಸೂಕ್ಷ್ಮ ನರಗಳು ಹಾದುಹೋಗುವುದು ಇದೇ ದಾರಿಯಲ್ಲಿ. ಅವುಗಳಿಗೆ ಪೆಟ್ಟು ಬಿದ್ದರೆ ಮೂತ್ರಕೋಶ ತುಂಬಿದ್ದೇ ತಿಳಿಯುವುದಿಲ್ಲ. ಪೂರ್ತಿ ಖಾಲಿಯಾಗುವುದೂ ಇಲ್ಲ. ಕೆಲವರಿಗೆ ಕೆಮ್ಮಿದರೆ, ಕೊಡ ಎತ್ತಿದರೆ ಸೋರುತ್ತದೆ.

ಇದಕ್ಕೆ ನೀರು ಬಿಡುವುದು ಮದ್ದಲ್ಲ. ಮೂತ್ರದ ಸೋಂಕಿಗೆ ಅದೇ ಆಹ್ವಾನ. ಅವಸರವಾಗಲಿ ಆಗದಿರಲಿ, ಮೂರು-ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಮೂತ್ರ ವಿಸರ್ಜಿಸುವ ಅಭ್ಯಾಸ ಹಲವರಿಗೆ ನೆರವಾಗುತ್ತದೆ. ಸೋರಿಕೆ ಇದ್ದವರಿಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿ ಹಿಡಿದು ಸಡಿಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರು ಕಲಿಸುತ್ತಾರೆ.

ಕಾಲಿನ ಭಾರ

ದುಗ್ಧರಸ ಗ್ರಂಥಿ ತೆಗೆದ ಮೇಲೆ, ಅದರಲ್ಲೂ ವಿಕಿರಣ ಚಿಕಿತ್ಸೆಯೂ ಸೇರಿದಾಗ, ಕಾಲಿನಿಂದ ಮೇಲೇರಬೇಕಾದ ದ್ರವ ಅಲ್ಲಲ್ಲೇ ನಿಲ್ಲುತ್ತದೆ. ಬಾವು ಕೆಲವರಿಗೆ ವಾರಗಳಲ್ಲಿ, ಕೆಲವರಿಗೆ ವರ್ಷಗಳ ಮೇಲೆ ಬರುವುದರಿಂದ ಹಳೆಯ ಆಪರೇಷನ್ನಿಗೂ ಇದಕ್ಕೂ ನಂಟಿದೆಯೆಂದು ಹೊಳೆಯುವುದೇ ಇಲ್ಲ. ಆನೆಕಾಲು ರೋಗ ಕಂಡ ನಮ್ಮ ಕರಾವಳಿಯಲ್ಲೋ ಕಲಬುರಗಿ, ಬೀದರ್ ಕಡೆಯಲ್ಲೋ ಇದನ್ನೂ ಸೊಳ್ಳೆಯಿಂದ ಬಂದದ್ದೆಂದು ಎಣಿಸುವುದು ಸುಲಭ. ಇನ್ನು ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಈ ಬಗೆಯ ಬಾವಿಗೆ ಅದರಿಂದ ಪ್ರಯೋಜನವಿಲ್ಲ.

ಅಳತೆಗೆ ತಕ್ಕ ಬಿಗಿ ಕಾಲುಚೀಲ, ಹಗುರ ವ್ಯಾಯಾಮ, ತರಬೇತಿ ಪಡೆದವರು ಮಾಡುವ ಮೃದುವಾದ ನೀವುವಿಕೆ - ಇವು ಬಾವನ್ನು ಹತೋಟಿಯಲ್ಲಿಡುತ್ತವೆ. ಬರಿಗಾಲಲ್ಲಿ ಗದ್ದೆ, ಹಟ್ಟಿಗೆ ಇಳಿಯಬಾರದು. ಒಂದು ಮುಳ್ಳಿನ ಗಾಯವೂ ಸೋಂಕಿಗೆ ದಾರಿ. ಕಾಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಒಂದೇ ಕಾಲಿಗೆ ದಿಢೀರನೆ ನೋವು, ಬಾವು ಬಂದರೂ ಅಷ್ಟೆ; ರಕ್ತ ಹೆಪ್ಪುಗಟ್ಟಿದ್ದರೂ ಇರಬಹುದು.

ಒಂದೇ ದಿನದಲ್ಲಿ ಮುಗಿದ ಮುಟ್ಟು

ಅಂಡಾಶಯಗಳನ್ನೂ ತೆಗೆದರೆ, ಪ್ರಕೃತಿ ವರ್ಷಗಟ್ಟಲೆ ತೆಗೆದುಕೊಂಡು ಮಾಡುವ ಕೆಲಸ ಒಂದೇ ದಿನದಲ್ಲಿ ಆಗಿಹೋಗುತ್ತದೆ. ಮೂವತ್ತೈದರ ಹೆಣ್ಣಿಗೆ ಮೈ ಬಿಸಿಯೇರುವುದು, ನಿದ್ದೆಗೆಡುವುದು, ಕಾರಣವಿಲ್ಲದ ಅಳು. ‘ಈಚೆಗೆ ಸಿಡುಕಿಯಾಗಿದ್ದಾಳೆ’ ಎಂದು ಮನೆಯವರು ಆಡಿಕೊಳ್ಳುವಾಗ ದೋಷ ಸ್ವಭಾವದ್ದಲ್ಲ, ಹಾರ್ಮೋನಿನದು ಎಂದು ಹೇಳುವವರಿಲ್ಲ. ಮೂಳೆ ಸವೆಯುವ ಅಪಾಯವೂ ಬೇಗನೆ ಬರುತ್ತದೆ. ಹಾರ್ಮೋನ್ ಚಿಕಿತ್ಸೆ ಎಲ್ಲರಿಗೂ ಸಲ್ಲದು; ಆದರೆ ಎಲ್ಲರಿಗೂ ನಿಷಿದ್ಧವೂ ಅಲ್ಲ. ಯಾವ ಬಗೆಯ ಕ್ಯಾನ್ಸರ್ ಎಂಬುದರ ಮೇಲೆ ವೈದ್ಯರು ನಿರ್ಧರಿಸುತ್ತಾರೆ. ಹಾರ್ಮೋನ್ ಬೇಡವೆಂದಾದರೆ ಬೇರೆ ಔಷಧಗಳೂ ಇವೆ.

ಹೇಳಲಾಗದ ಮಾತು

ಎಲ್ಲಕ್ಕಿಂತ ಆಳವಾಗಿ ಹೂತಿರುವುದು ದಾಂಪತ್ಯದ ಸಂಕಟ. ಯೋನಿ ಕಿರಿದಾಗಿ, ಒಣಗಿ, ಸಂಗ ನೋವಾಗುತ್ತದೆ. ಗಂಡನಿಗೆ ಹೇಳಲು ನಾಚಿಕೆ, ವೈದ್ಯರಿಗೆ ಹೇಳಲು ಇನ್ನಷ್ಟು ನಾಚಿಕೆ. ಕ್ಯಾನ್ಸರ್ ಅಂಟಿಕೊಳ್ಳುತ್ತದೆಂಬ ಭಯದಿಂದ ಹಾಸಿಗೆ ಬೇರೆ ಮಾಡುವ ಗಂಡಂದಿರೂ ಇದ್ದಾರೆ. ಕೂಡಿ ಬಾಳುವುದರಿಂದ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಒಣಗುವಿಕೆಗೆ ಜೆಲ್ಲುಗಳಿವೆ, ಕಿರಿದಾಗುವಿಕೆಗೆ ಹಿಗ್ಗಿಸುವ ಸಾಧನಗಳಿವೆ. ಇಬ್ಬರನ್ನೂ ಕೂರಿಸಿ ಹತ್ತು ನಿಮಿಷ ಮಾತಾಡುವ ವೈದ್ಯರು ಸಿಕ್ಕರೆ ಒಂದು ಮನೆ ಉಳಿಯುತ್ತದೆ.

ವೈದ್ಯಲೋಕವೂ ಈಗ ಈ ನೋವಿಗೆ ಕಿವಿಗೊಡುತ್ತಿದೆ. ನರಗಳನ್ನು ಉಳಿಸಿ ಶಸ್ತ್ರಕ್ರಿಯೆ ಮಾಡುವ ವಿಧಾನವನ್ನು ಜಪಾನಿನ ವೈದ್ಯರು ಬೆಳೆಸಿದರು. 2024ರಲ್ಲಿ ಪ್ರಕಟವಾದ, 700 ಮಹಿಳೆಯರನ್ನು ಒಳಗೊಂಡ ‘ಶೇಪ್’ ಅಧ್ಯಯನದ ಪ್ರಕಾರ, ಎರಡು ಸೆಂಟಿಮೀಟರ್ ಮೀರದ, ಅಪಾಯ ಕಡಿಮೆ ಇರುವ ಗರ್ಭಕಂಠದ ಗೆಡ್ಡೆಗೆ ಸಾಮಾನ್ಯ ಗರ್ಭಕೋಶ ಶಸ್ತ್ರಕ್ರಿಯೆಯೂ ಸಾಕು; ಮೂರು ವರ್ಷಗಳಲ್ಲಿ ಕಿಬ್ಬೊಟ್ಟೆಯಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ವಿಸ್ತೃತ ಶಸ್ತ್ರಕ್ರಿಯೆಯವರಲ್ಲಿ ಶೇ 2.17, ಸಾಮಾನ್ಯದವರಲ್ಲಿ ಶೇ 2.52. ಮೂತ್ರದ ತೊಂದರೆ ಎರಡನೆಯವರಲ್ಲಿ ಕಡಿಮೆ. ಬೇಗ ಪತ್ತೆಯಾದರೆ ಕತ್ತರಿಯೂ ಕಡಿಮೆ ಆಡುತ್ತದೆ ಎಂದಾಯಿತು.

ಮುಂದಿನ ತಪಾಸಣೆಗೆ ಹೊರಡುವಾಗ ಹಳೆಯ ರಿಪೋರ್ಟುಗಳ ಜೊತೆ ಒಂದು ಚೀಟಿಯೂ ಇರಲಿ. ಮೂತ್ರ, ಕಾಲು, ನಿದ್ದೆ, ದಾಂಪತ್ಯ - ನಾಲ್ಕೇ ಪದ. ಬಾಯಲ್ಲಿ ಹೇಳಲಾಗದಿದ್ದರೆ ಆ ಚೀಟಿಯನ್ನು ಮೇಜಿನ ಮೇಲಿಡಬಹುದು. ಹೊಸದಾಗಿ ರಕ್ತಸ್ರಾವ, ಬಿಡದ ನೋವು ಕಂಡರಂತೂ ತಪಾಸಣೆಯ ದಿನಕ್ಕೆ ಕಾಯಬಾರದು. ಕಷ್ಟ ಹೇಳಿಕೊಂಡ ಮಾತ್ರಕ್ಕೆ ಜೀವ ಉಳಿಸಿದವರ ಉಪಕಾರ ಮರೆತಂತಾಗುವುದಿಲ್ಲ. ಉಳಿದ ಜೀವ ನರಳಲಿಕ್ಕಲ್ಲ, ಬಾಳಲಿಕ್ಕೆ.