ಪಾಠ ಪರದೆಯ ಮೇಲೆ, ಕವಾಯತು ಮೈದಾನದಲ್ಲಿ

ಗುಂಜಹಳ್ಳಿಯ ಹುಡುಗನೊಬ್ಬ ರಾಯಚೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದನೆನ್ನಿ. ರಜೆಯ ದಿನ ನಕ್ಷೆ ಓದುವ ಪಾಠವಿಟ್ಟರೆ, ಆ ಒಂದು ತಾಸಿಗಾಗಿ ಬಸ್ ಹಿಡಿಯಬೇಕು. ಅರೆಕಾಲಿಕ ಸೈನಿಕರ ತರಬೇತಿಯ ತೊಡಕೂ ಇದೇ. ಪಾಠಕ್ಕಿಂತ ಜನರನ್ನು ಒಂದೆಡೆ ಸೇರಿಸುವುದೇ ದುಬಾರಿ.

ಅಮೆರಿಕದ ಮೀಸಲು ಪಡೆಯವರು ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ಸಿಗುವವರು. ಅಲ್ಲಿನ ಸೇನೆ 1980ರ ದಶಕದ ಕೊನೆಯಲ್ಲೇ ಕೆಲವು ಅಧಿಕಾರಿಗಳಿಗೆ ಮನೆಯಲ್ಲಿ ಕಂಪ್ಯೂಟರ್ ಒದಗಿಸಿ, ದೂರವಾಣಿ ತಂತಿಯ ಮೂಲಕ ಪಾಠ ಹೇಳಿ ನೋಡಿತು. ಪಾಠ ಸಿದ್ಧಪಡಿಸುವ ದೊಡ್ಡ ಖರ್ಚು ಒಮ್ಮೆ ಮಾತ್ರ. ಕಲಿಯುವವರು ಹೆಚ್ಚಿದಂತೆ ತಲಾ ವೆಚ್ಚ ಇಳಿಯುತ್ತದೆ.

ನಮ್ಮಲ್ಲಿ ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್ 27ರಂದು, ಎನ್‌ಸಿಸಿ ತರಬೇತಿ ಆ್ಯಪ್ ಬಂತು: ಪಠ್ಯಕ್ರಮ, ಟಿಪ್ಪಣಿ, ವಿಡಿಯೊ, ಪ್ರಶ್ನೆ ಕೇಳುವ ಸೌಕರ್ಯ. (ಎನ್‌ಸಿಸಿ ಮೀಸಲು ಪಡೆಯಲ್ಲ, ಸೈನ್ಯ ಸೇರುವ ಕಡ್ಡಾಯವೂ ಇಲ್ಲ. ತಾಯಂದಿರು ಗಾಬರಿಯಾಗಬೇಕಿಲ್ಲ!)

ರೈಫಲ್ ಹಿಡಿಯುವುದನ್ನು, ಹೆಜ್ಜೆ ಕೂಡಿಸುವುದನ್ನು ಪರದೆ ಕಲಿಸದು. ಅದಕ್ಕೆ ಶಿಬಿರವೇ ಬೇಕು. ಉಳಿದ ಪಾಠದಲ್ಲಿ ಬಸ್ಸಿನ ದುಡ್ಡು ಉಳಿದೀತು. ಆದರೆ ಫೋನು, ಡೇಟಾದ ಖರ್ಚು ಮನೆಯವರ ತಲೆಗೆ. ಇರುವ ಒಂದೇ ಫೋನು ಅಪ್ಪನ ಜೊತೆ ಹೊಲಕ್ಕೆ ಹೋದರೆ ಪಾಠವೂ ಹೋಯಿತು! ಪಂಚಾಯಿತಿ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.