ಅರವತ್ತು ಅಡಿ ಆಳದ ಚಿನ್ನ, ಮೂರಿಂಚು ಆಳದ ಮೊಳೆ

ಮೆಟಲ್ ಡಿಟೆಕ್ಟರ್ ತರಿಸಿದ್ದೀನಿ ಅಂದರೆ ಸಾಕು, ‘ಯಾವ ಗುಡ್ಡ ಅಗೆಯೋಕೆ ಹೊರಟ್ರಿ ಗೌಡ್ರೇ?’ ಅಂತ ಕೇಳುವವರೇ ಎಲ್ಲ. ಒಂದು ಕಡೆ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ, ಇನ್ನೊಂದು ಕಡೆ ಬೇಲೂರು, ಹಳೇಬೀಡು. ನಡುವೆ ಇರುವ ಬೆಳಗೋಡಿನಂಥ ಊರಲ್ಲಿ ನಿಧಿಯ ಕಥೆಗೆ ಬರವಿಲ್ಲ. ಆದರೆ ಕಾಫಿ ತೋಟ ಇಟ್ಟುಕೊಂಡವರಿಗೆ ಈ ಯಂತ್ರ ನಿಜವಾಗಿ ಬೇಕಾಗುವುದು ಬೇರೆ ಕೆಲಸಕ್ಕೆ. ಸಿಲ್ವರ್ ಓಕ್ ಮರ ನುಂಗಿಕೊಂಡ ಮುಳ್ಳುತಂತಿ, ಮಣ್ಣು ಮುಚ್ಚಿ ಗುರುತು ತಪ್ಪಿದ ಹಳೇ ಪೈಪಿನ ವಾಲ್ವ್, ಹಣ್ಣು ಕೊಯ್ಯುವಾಗ ಗಿಡದ ಬುಡದಲ್ಲಿ ಜಾರಿಬಿದ್ದ ಕಿವಿಯೋಲೆ. ಇಷ್ಟಕ್ಕೆ ಎಷ್ಟು ದುಡ್ಡು ಹಾಕಬೇಕು? ಕೊಳ್ಳುವವರ ತಲೆಯಲ್ಲಿರುವ ನಂಬಿಕೆಗಳಲ್ಲಿ ಮುಕ್ಕಾಲು ಪಾಲು ಮಾರುವವರೇ ಬಿತ್ತಿದ್ದಾದ್ದರಿಂದ, ಲೆಕ್ಕ ಶುರುವಿನಲ್ಲೇ ತಪ್ಪುತ್ತದೆ.

ಆಳದ ಮಾತನ್ನೇ ತೆಗೆದುಕೊಳ್ಳಿ. ‘ಅರವತ್ತು ಅಡಿ ಕೆಳಗಿನ ಚಿನ್ನ ತೋರಿಸುತ್ತೆ’ ಅನ್ನುವ ವಿಡಿಯೊಗಳು ಬೇಕಾದಷ್ಟಿವೆ. ಡಿಟೆಕ್ಟರಿನ ತುದಿಯಲ್ಲಿರುವುದು ತಂತಿಯ ಸುರುಳಿ, ಅಂದರೆ ಕಾಯಿಲ್. ಅದು ಮಣ್ಣಿಗೆ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ ತಮ್ಮದೇ ಕ್ಷೀಣ ಕಾಂತಕ್ಷೇತ್ರವನ್ನು ವಾಪಸು ಕಳಿಸುತ್ತವೆ. ಯಂತ್ರ ಹಿಡಿಯುವುದು ಈ ಮರುದನಿಯನ್ನು. ಕಾಯಿಲಿನ ಅಗಲ ದಾಟಿ ಆಳಕ್ಕೆ ಹೋದಂತೆ, ದೂರ ಎರಡು ಪಟ್ಟಾದರೆ ಮರುದನಿ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಅಗ್ಗದ ಯಂತ್ರ ಒಂದು ನಾಣ್ಯವನ್ನು ಒಂದು ಗೇಣು ಆಳದಲ್ಲಿ ಹಿಡಿದರೆ ಅದೇ ದೊಡ್ಡದು. ತಗಡಿನ ಪೆಟ್ಟಿಗೆಯಷ್ಟು ದೊಡ್ಡ ವಸ್ತುವಾದರೆ ಇನ್ನಷ್ಟು ಆಳ ಸಿಗಬಹುದು. ಅರವತ್ತು ಅಡಿ ಅನ್ನುವುದು ಬರೀ ಬಾಯಿಮಾತು.

ಎರಡು ಕಡ್ಡಿ ಆಂಟೆನಾ ಹಿಡಿದು ‘ಅರ್ಧ ಮೈಲಿ ದೂರದ ಚಿನ್ನದ ಕಡೆ ತಾನೇ ತಿರುಗುತ್ತೆ’ ಅಂತ ಮಾರುವ ಲಾಂಗ್ ರೇಂಜ್ ಲೊಕೇಟರುಗಳದ್ದು ಇನ್ನೂ ಮುಂದಿನ ಕಥೆ. ಇಂಥದ್ದೇ ಒಂದನ್ನು ಎಡಿಇ-651 ಎಂಬ ಹೆಸರಿನಲ್ಲಿ ಬ್ರಿಟನ್ನಿನ ಜೇಮ್ಸ್ ಮೆಕ್‌ಕಾರ್ಮಿಕ್ ಇರಾಕಿಗೆ ಬಾಂಬ್ ಶೋಧಕ ಅಂತ ಮಾರಿದ್ದ. ಅದರ ಮೂಲ, ಕಳೆದುಹೋದ ಗಾಲ್ಫ್ ಚೆಂಡು ಹುಡುಕಲು ಅಂತ ಮಾರುತ್ತಿದ್ದ ಒಂದು ಆಟಿಕೆ. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು. ರೈಸ್ ಪುಲ್ಲಿಂಗ್ ಪಾತ್ರೆ, ಎರಡು ತಲೆ ಹಾವಿನ ವ್ಯಾಪಾರ ನೋಡಿದ ನಮಗೆ ಇದು ಹೊಸದೇನಲ್ಲ.

‘ಇದು ಚಿನ್ನವನ್ನೇ ಬೇರೆ ಮಾಡಿ ತೋರಿಸುತ್ತಂತೆ’ ಅನ್ನುವುದೂ ಅರ್ಧ ಸತ್ಯ. ಯಂತ್ರಕ್ಕೆ ಗೊತ್ತಾಗುವುದು ವಸ್ತು ಎಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಎಷ್ಟು ದೊಡ್ಡದಿದೆ, ಕಬ್ಬಿಣದ ಜಾತಿಯದೋ ಅಲ್ಲವೋ ಎಂಬುದಷ್ಟೇ. ತೆಳ್ಳಗಿನ ಚಿನ್ನದ ಉಂಗುರಕ್ಕೂ ಮಾತ್ರೆ ಪಟ್ಟಿಯ ಅಲ್ಯುಮಿನಿಯಂ ಹಾಳೆಗೂ ಅದು ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸಬಹುದು. ಹಾಳೆ ಬೇಡವೆಂದು ಆ ಸದ್ದನ್ನು ಮುಚ್ಚಿದರೆ ಕಿವಿಯೋಲೆಯೂ ಅದರ ಜೊತೆಗೇ ಹೋಯಿತು.

ಇವೆಲ್ಲ ಎಲ್ಲ ಊರಿಗೂ ಅನ್ವಯಿಸುವ ಮಾತು. ನಮ್ಮ ಗುಡ್ಡಕ್ಕೆ ವಿಶೇಷವಾದದ್ದು ಕೆಂಪು ಮಣ್ಣು. ನೂರಾರು ಇಂಚು ಮಳೆ ಯುಗಯುಗ ಸುರಿದು ಕರಗುವುದೆಲ್ಲ ಕರಗಿಹೋದ ಮೇಲೆ ಉಳಿದಿರುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡು. ಜಂಬಿಟ್ಟಿಗೆ ಕಲ್ಲಿನ ಬಣ್ಣ ಬಂದದ್ದೇ ಆ ಕಬ್ಬಿಣದಿಂದ. ಅದರಲ್ಲಿ ಕೆಲವಂಶ ಅಯಸ್ಕಾಂತಕ್ಕೆ ಸ್ಪಂದಿಸುವಂಥದ್ದು. ಮಳೆ ನೀರು ಹರಿದ ಚರಂಡಿಯ ಮರಳಲ್ಲಿ ಅಯಸ್ಕಾಂತ ಆಡಿಸಿದರೆ ಕಪ್ಪು ಹುಡಿ ಮೀಸೆಯ ಹಾಗೆ ಅಂಟಿಕೊಂಡು ಬರುತ್ತದೆ. ಡಿಟೆಕ್ಟರ್ ಇಂಥ ಮಣ್ಣನ್ನೇ ಲೋಹವೆಂದು ತಿಳಿದು ಕೂಗುತ್ತದೆ. ಇದನ್ನು ಕಳೆದುಕೊಳ್ಳಲು ಗ್ರೌಂಡ್ ಬ್ಯಾಲೆನ್ಸ್ ಅನ್ನುವ ಹೊಂದಾಣಿಕೆ ಇರುತ್ತದೆ. ಕಡಿಮೆ ಬೆಲೆಯ ಹಲವು ಯಂತ್ರಗಳಲ್ಲಿ ಅದನ್ನು ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ಕೂರಿಸಿರುತ್ತಾರೆ, ನಮ್ಮ ಮಣ್ಣಿಗೆ ತಕ್ಕಂತೆ ತಿರುಗಿಸಲು ಬರುವುದಿಲ್ಲ. ಆಗ ಜನ ಮಾಡುವ ಕೆಲಸ, ಸೆನ್ಸಿಟಿವಿಟಿಯನ್ನು ಪೂರಾ ಏರಿಸುವುದು. ಮಾಡಬೇಕಾದ್ದು ಅದರ ತದ್ವಿರುದ್ಧ: ಗಲಾಟೆ ನಿಲ್ಲುವವರೆಗೆ ಇಳಿಸಬೇಕು. ಕೂಗುತ್ತಲೇ ಇರುವ ಯಂತ್ರಕ್ಕಿಂತ ಎರಡಿಂಚು ಕಮ್ಮಿ ಆಳ ನೋಡುವ ಶಾಂತ ಯಂತ್ರ ಮೇಲು. ಆನೆಗೆಂದು ಎಳೆದ ಸೋಲಾರ್ ಬೇಲಿ ಪಕ್ಕದಲ್ಲೇ ಇದ್ದರೆ ಅದರ ಮಿಡಿತಕ್ಕೂ ಟಿಕ್ ಟಿಕ್ ಅನ್ನುತ್ತದೆ. ಹುಡುಕುವಷ್ಟು ಹೊತ್ತು ಬೇಲಿ ಆಫ್ ಮಾಡಿ.

ಸುತ್ತಲಿನ ಕಬ್ಬಿಣ ದಾರಿ ತಪ್ಪಿಸುವುದು ಈ ಯಂತ್ರದ ಹುಟ್ಟುಗುಣ. 1881ರಲ್ಲಿ ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿ ಗುಂಡು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಶೋಧಕ ಹಿಡಿದು ಹೋಗಿದ್ದ. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಕೈಕೊಟ್ಟ ಕಾರಣಗಳಲ್ಲಿ ಒಂದು.

ಇನ್ನು ಮರದ ವಿಷಯ. ಇಲ್ಲಿನ ತೋಟದವರ ದುಡ್ಡು ಹೋಗುವುದೂ ಉಳಿಯುವುದೂ ಇಲ್ಲೇ. ‘ಬೇಲಿ ತಂತಿ ಹೊಡೆದು ಮೂವತ್ತು ವರ್ಷ ಆಯ್ತು, ಮೊಳೆ ಈಗ ಮೇಲಕ್ಕೆ ಹೋಗಿರುತ್ತೆ’ ಅನ್ನುವ ಹಿರಿಯರಿದ್ದಾರೆ. ಹೋಗುವುದಿಲ್ಲ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ, ಕಾಂಡ ಬೆಳೆಯುವುದು ಸುತ್ತಳತೆಯಲ್ಲಿ. ಎದೆ ಮಟ್ಟಕ್ಕೆ ಹೊಡೆದ ಮೊಳೆ ಎದೆ ಮಟ್ಟದಲ್ಲೇ ಇರುತ್ತದೆ, ವರ್ಷ ವರ್ಷ ಒಳಕ್ಕೆ ಹುದುಗುತ್ತದೆ ಅಷ್ಟೆ. ಅಂದರೆ ಒಳ್ಳೆ ದಪ್ಪವಿರುವ, ಬೆಲೆ ಬಾಳುವ ಬುಡದ ದಿಮ್ಮಿಯಲ್ಲೇ ಕಬ್ಬಿಣ. ಸಾಮಿಲ್‌ನ ಬ್ಲೇಡು ಅದಕ್ಕೆ ತಾಗಿದರೆ ಹಲ್ಲು ಮುರಿಯುತ್ತದೆ, ಚೂರು ಸಿಡಿದರೆ ಆಳಿಗೂ ಅಪಾಯ.

ಇದಕ್ಕೆ ಉದ್ದ ಕೋಲಿನ ಯಂತ್ರ ಬೇಕಿಲ್ಲ. ಮಾಲ್ ಬಾಗಿಲಲ್ಲಿ ಸೆಕ್ಯುರಿಟಿಯವರು ಮೈಮೇಲೆ ಆಡಿಸುವ ಕೈ ಡಿಟೆಕ್ಟರ್ ಸಾಕು. ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಬುಡದ ಆರಡಿಯನ್ನು ಸುತ್ತಲೂ ನಿಧಾನವಾಗಿ ಸವರಿ, ಕೂಗಿದಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ಸೊಂಟದ ಕತ್ತಿ, ಕೈಗಡಿಯಾರ ತೆಗೆದಿಟ್ಟಿರಬೇಕು. ಮೊಳೆಯಂಥ ಸಣ್ಣ ವಸ್ತುವಾದರೆ ಅದರ ದೃಷ್ಟಿ ಎರಡು ಮೂರು ಇಂಚಿಗೆ ಮುಗಿಯುತ್ತದೆ. ಆದ್ದರಿಂದ ಒಂದು ಹೊರಪಟ್ಟಿ ಸೀಳಿದ ಮೇಲೆ ಇನ್ನೊಮ್ಮೆ ಸವರುವುದು ಕಡ್ಡಾಯ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಬಿದ್ದ ಓಲೆಗೂ ಇದೇ ಯಂತ್ರ ಆಗುತ್ತದೆ, ಸ್ವಲ್ಪ ಬೆನ್ನು ಬಗ್ಗಿಸಬೇಕು.

ಪುಕ್ಕಟೆ ಸಿಗುವ ಮೊಬೈಲ್ ಆ್ಯಪ್ ಬರೀ ಮೋಸವಲ್ಲ, ಆದರೆ ಅದು ಬಳಸುವುದು ಫೋನಿನ ದಿಕ್ಸೂಚಿಯನ್ನು. ಮೇಲ್ಪದರದ ಕಬ್ಬಿಣಕ್ಕೆ ಅಲುಗಾಡುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಅಲ್ಯುಮಿನಿಯಂ ಅದಕ್ಕೆ ಕಾಣುವುದೇ ಇಲ್ಲ. ಕಣದಲ್ಲಿ ಚೆಲ್ಲಿದ ಮೊಳೆ, ನಟ್ಟು ಆರಿಸಲು ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಎಳೆದರೆ ಎಲ್ಲಕ್ಕಿಂತ ಅಗ್ಗ. ಪಿವಿಸಿ, ಎಚ್‌ಡಿಪಿಇ ಪೈಪು, ಸರ್ವೆ ಕಲ್ಲು ಯಾವ ಡಿಟೆಕ್ಟರಿಗೂ ಸಿಗವು.

‘ನನ್ನ ತೋಟ, ನನ್ನ ಮಣ್ಣು, ಸಿಕ್ಕಿದ್ದು ನಂದು’ ಅನ್ನುವುದು ಮಾತ್ರ ಜೈಲಿಗೆ ದಾರಿ. 1878ರ ನಿಧಿ ಕಾಯ್ದೆಯ ಕಾಲದಿಂದಲೂ ನಿಯಮ ಒಂದೇ: ಮಣ್ಣಲ್ಲಿ ಹುದುಗಿದ್ದ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಬಚ್ಚಿಟ್ಟರೆ ಶಿಕ್ಷೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ. ನಿಧಿಯ ಹೆಸರಲ್ಲಿ ಮಾಟ, ಬಲಿ ಅಂತ ಹೊರಟರೆ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯೂ ಸೇರಿಕೊಳ್ಳುತ್ತದೆ. ವೀರಗಲ್ಲಿನಡಿ, ಬಸವನ ಹೊಟ್ಟೆಯೊಳಗೆ ಬಂಗಾರವಿದೆ ಎಂಬ ನಂಬಿಕೆ ಎಷ್ಟು ಕಲ್ಲುಗಳನ್ನು ಒಡೆಸಿದೆಯೋ! 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಕೆಡವಿಹಾಕಿದರು.

ಕೈ ಡಿಟೆಕ್ಟರ್ ಸಾಲದು, ಹೂತ ಪೈಪಿನ ವಾಲ್ವ್ ಹುಡುಕಲೇಬೇಕು ಅನ್ನುವವರು ಕೋಲಿನ ಯಂತ್ರ ಕೊಳ್ಳುವಾಗ ಎರಡೇ ಕೇಳಿ: ಗ್ರೌಂಡ್ ಬ್ಯಾಲೆನ್ಸ್ ನಾವೇ ತಿರುಗಿಸಬಹುದೇ, ಇಷ್ಟವಾಗದಿದ್ದರೆ ವಾಪಸು ತೆಗೆದುಕೊಳ್ಳುತ್ತೀರಾ? ಪರದೆ, ಬಣ್ಣದ ದೀಪ, ಆಳದ ಮೀಟರು ಆಮೇಲೆ. ಮನೆಗೆ ತಂದ ದಿನವೇ ತೋಟದ ಮಣ್ಣಲ್ಲಿ ಒಂದು ಹಿತ್ತಾಳೆ ಕೀಲಿಕೈಯನ್ನು ಅರ್ಧ ಗೇಣು ಆಳಕ್ಕೆ ಹೂತು ನೋಡಿ. ಒಂದು ರೂಪಾಯಿ ನಾಣ್ಯ ಹೂಳಬೇಡಿ: ಈಗಿನದು ಸ್ಟೇನ್‌ಲೆಸ್ ಸ್ಟೀಲಿನದು, ಅಯಸ್ಕಾಂತಕ್ಕೆ ಅಂಟುವ ಜಾತಿ. ಕಬ್ಬಿಣ ಬೇಡವೆಂದು ಹೊಂದಿಸಿದ ಯಂತ್ರ ಅದನ್ನು ಕಂಡೂ ಸುಮ್ಮನಿದ್ದುಬಿಡಬಹುದು, ನೀವು ಒಳ್ಳೆ ಯಂತ್ರವನ್ನೇ ಕೆಟ್ಟದ್ದೆಂದು ವಾಪಸು ಕಳಿಸುತ್ತೀರಿ.